ವಿಮ್‌ಲಿಬ್‌ನಿಂದ ಮರಳಿ ಇಳಿಸಿದ ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನು ತೆರೆಯುತ್ತಿಲ್ಲ: ಇಮೇಜ್ ಕೆಟ್ಟಿದೆಯೇ, ನಾನು ತಪ್ಪಿದೆನೇ?

ಮಲೆನಾಡಿನ ಲ್ಯಾಬ್:

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವ 24 ಯಂತ್ರಗಳ ಹಳೆಯ 500 ಜಿಬಿ ಹಾರ್ಡ್ ಡಿಸ್ಕ್‌ಗಳು ಒಂದೊಂದಾಗಿ ಕೈಕೊಡತೊಡಗಿದ್ದರಿಂದ ಈ ರಜೆಯಲ್ಲಿ ಎಲ್ಲಕ್ಕೂ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆವು. ಪ್ರತಿಯೊಂದಕ್ಕೂ ಕೈಯಿಂದ ವಿಂಡೋಸ್, ನುಡಿ, ಟ್ಯಾಲಿ, ಪೈಥಾನ್ ಹಾಕುತ್ತ ಕುಳಿತರೆ ರಜೆಯೇ ಮುಗಿದುಹೋಗುತ್ತದೆ. ಆದ್ದರಿಂದ ಒಂದೇ ಯಂತ್ರವನ್ನು ಸರಿಯಾಗಿ ಸಜ್ಜುಗೊಳಿಸಿ, ಸಿಸ್‌ಪ್ರೆಪ್ (ಬೇರೆ ಯಂತ್ರಗಳಿಗೆ ಹಾಕಲು ವಿಂಡೋಸನ್ನು ಸಿದ್ಧಗೊಳಿಸುವ ಸಾಧನ) ನಡೆಸಿ, ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ವಿಮ್‌ಲಿಬ್ ಎಂಬ ಉಚಿತ ಸಾಧನದ ವಿಮ್‌ಕ್ಯಾಪ್ಚರ್ ಆಜ್ಞೆಯಿಂದ ಇಮೇಜ್ (ವಿಂಡೋಸ್‌ನ ಎಲ್ಲ ಕಡತಗಳನ್ನು ಒಂದೇ ವಿಮ್ ಕಡತದಲ್ಲಿ ಕಟ್ಟಿಟ್ಟ ಪ್ರತಿ) ತೆಗೆದೆ. ಡಿಸ್ಕಿನಲ್ಲಿ 41 ಜಿಬಿ ಇದ್ದದ್ದು 17 ಜಿಬಿಯ ಒಂದೇ ಕಡತವಾಯಿತು.

ಬಳಿಕ ಹೊಸ ಎಸ್‌ಎಸ್‌ಡಿಯಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ) ಪಾರ್ಟಿಷನ್ ಮಾಡಿ, ಅದನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡಿ (ಆ ಫೋಲ್ಡರಿನ ಮೂಲಕ ತೆರೆದುಕೊಳ್ಳುವಂತೆ ಜೋಡಿಸಿ), ಇಮೇಜ್ ಇಳಿಸುವ ವಿಮ್‌ಅಪ್ಲೈ ಆಜ್ಞೆಗೆ ಆ ಫೋಲ್ಡರಿನ ಹೆಸರು ಕೊಟ್ಟೆ. ಶೇಕಡಾ 100 ಎಂದು ತೋರಿಸಿ ಮುಗಿಯಿತು. ನಡುವೆ ‘ಸೆಕ್ಯುರಿಟಿ ಡಿಸ್ಕ್ರಿಪ್ಟರ್’ ಎಂಬ ಪದಗಳಿದ್ದ ಎಚ್ಚರಿಕೆಯೊಂದು ಬಂದಿತ್ತು, ಆದರೆ ಕೆಲಸ ನಿಲ್ಲದ್ದರಿಂದ ನಾನು ಅದರ ಕಡೆಗೆ ಗಮನ ಕೊಡಲಿಲ್ಲ. ಬೂಟ್ ಕಡತಗಳನ್ನು ಹಾಕುವ ಬಿಸಿಡಿಬೂಟ್ ಆಜ್ಞೆ ಕೊಟ್ಟ ಮೇಲೆ ವಿಂಡೋಸ್ ಏಳುತ್ತದೆ, ಲಾಗಿನ್ ಕೂಡ ಆಗುತ್ತದೆ. ಆದರೆ ಸ್ಟಾರ್ಟ್ ಮೆನು ಒತ್ತಿದರೆ ಏನೂ ತೆರೆಯುವುದಿಲ್ಲ, ಸೆಟ್ಟಿಂಗ್ಸ್ ತೆರೆದ ಮರುಕ್ಷಣ ಮುಚ್ಚಿಕೊಳ್ಳುತ್ತದೆ. ಮೂರು ಯಂತ್ರಗಳಲ್ಲೂ ಇದೇ ಕಥೆ. ತರಗತಿಗಳು ಮುಂದಿನ ಸೋಮವಾರ ಶುರುವಾಗುತ್ತವೆ. ಇಮೇಜ್ ಮತ್ತೆ ತೆಗೆಯಬೇಕೇ?

ಹಳೆಸೇತುವೆ:

ಮೇಷ್ಟ್ರೇ, ಒಂದೇ ಪ್ರಶ್ನೆ. ಇಮೇಜ್ ತೆಗೆಯುವಾಗ ವಿಮ್‌ಕ್ಯಾಪ್ಚರ್‌ಗೆ ಪಾರ್ಟಿಷನ್ನಿನ ಡಿವೈಸ್ ಹೆಸರನ್ನು ಕೊಟ್ಟಿದ್ದಿರೋ, ಮೌಂಟ್ ಮಾಡಿದ ಫೋಲ್ಡರನ್ನು ಕೊಟ್ಟಿದ್ದಿರೋ? ಉಳಿದದ್ದೆಲ್ಲ ಇದರ ಉತ್ತರದ ಮೇಲೆ ನಿಂತಿದೆ.

ಮಲೆನಾಡಿನ ಲ್ಯಾಬ್:

ತೆಗೆಯುವಾಗ ಡಿವೈಸ್ ಹೆಸರನ್ನೇ ಕೊಟ್ಟಿದ್ದೆ, ಎಸ್‌ಡಿಎ3 ಎಂದು. ಕೈಪಿಡಿಯ ಉದಾಹರಣೆಯಲ್ಲಿ ಹಾಗೆಯೇ ಇತ್ತು. ಇಳಿಸುವಾಗ ಮಾತ್ರ, ಪಾರ್ಟಿಷನ್ ಮೌಂಟ್ ಆಗಿದ್ದರೆ ಒಳಗೆ ಏನಾಗುತ್ತಿದೆ ಎಂದು ಕಣ್ಣಾರೆ ನೋಡಬಹುದು ಎಂದು ಫೋಲ್ಡರ್ ಕೊಟ್ಟೆ.

ಹಳೆಸೇತುವೆ:

ಹಾಗಾದರೆ ಧೈರ್ಯವಾಗಿರಿ. ನಿಮ್ಮ ಇಮೇಜ್ ಸರಿಯಾಗಿದೆ, ಇಳಿಸಿದ ರೀತಿ ಮಾತ್ರ ತಪ್ಪಾಗಿದೆ.

ಲಿನಕ್ಸ್‌ನಲ್ಲಿ ವಿಮ್‌ಲಿಬ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಗುರಿಯಾಗಿ ಫೋಲ್ಡರ್ ಕೊಟ್ಟರೆ ಅದು ಸಾಮಾನ್ಯ ಯುನಿಕ್ಸ್ ಕಡತಗಳನ್ನು ಬರೆಯುವ ಹಾಗೆ ಬರೆಯುತ್ತದೆ. ಆ ಫೋಲ್ಡರಿನ ಹಿಂದೆ ಎನ್‌ಟಿಎಫ್‌ಎಸ್ ಇದೆಯೋ ಲಿನಕ್ಸ್‌ನ ಎಕ್ಸ್ಟ್4 ಇದೆಯೋ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಯೊಂದು ಕಡತವನ್ನು ಯಾರು ಓದಬಹುದು, ಯಾರು ಬದಲಿಸಬಹುದು ಎಂದು ವಿಂಡೋಸ್ ಇಟ್ಟುಕೊಂಡಿರುವ ಅನುಮತಿಗಳ ಪಟ್ಟಿ (ಸೆಕ್ಯುರಿಟಿ ಡಿಸ್ಕ್ರಿಪ್ಟರ್), ಎಂಟು ಅಕ್ಷರಗಳ ಹಳೆಯ ಗಿಡ್ಡ ಹೆಸರುಗಳು, ಕಡತಕ್ಕೆ ಅಂಟಿಕೊಂಡಿರುವ ಪರ್ಯಾಯ ಡೇಟಾ ಸ್ಟ್ರೀಮ್‌ಗಳು, ಇವೆಲ್ಲ ಹಾಗೆ ಬರೆಯುವಾಗ ಬಿಟ್ಟುಹೋಗುತ್ತವೆ. ನೀವು ಕಂಡ ಎಚ್ಚರಿಕೆ ಅದನ್ನೇ ಹೇಳುತ್ತಿತ್ತು. ಸ್ಟಾರ್ಟ್ ಮೆನು ಮತ್ತು ಸೆಟ್ಟಿಂಗ್ಸ್ ತಮ್ಮ ಫೋಲ್ಡರುಗಳ ಅನುಮತಿ ಸರಿಯಿಲ್ಲದಿದ್ದರೆ ಏಳುವುದೇ ಇಲ್ಲ, ಹಳೆಯ ಬಗೆಯ ಪ್ರೋಗ್ರಾಂಗಳು ಮಾತ್ರ ಓಡುತ್ತವೆ. ನಿಮ್ಮ ಲಕ್ಷಣಗಳು ಇದಕ್ಕೆ ಸರಿಹೊಂದುತ್ತವೆ.

ಗುರಿಯಾಗಿ ಡಿವೈಸನ್ನೇ ಕೊಟ್ಟರೆ ವಿಮ್‌ಲಿಬ್ ಎನ್‌ಟಿಎಫ್‌ಎಸ್-3ಜಿ ಲೈಬ್ರರಿಯ ಮೂಲಕ ಪಾರ್ಟಿಷನ್ನಿಗೆ ನೇರವಾಗಿ ಬರೆಯುತ್ತದೆ, ಆಗ ಅನುಮತಿಗಳೂ ಗಿಡ್ಡ ಹೆಸರುಗಳೂ ಸ್ಟ್ರೀಮ್‌ಗಳೂ ಇದ್ದ ಹಾಗೆಯೇ ಬರುತ್ತವೆ. ಪಾರ್ಟಿಷನ್ ಅನ್ನು ಅನ್‌ಮೌಂಟ್ ಮಾಡಿ, ಎನ್‌ಟಿಎಫ್‌ಎಸ್ ಆಗಿ ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ, ‘ವಿಮ್‌ಅಪ್ಲೈ, ಕಡತದ ಹೆಸರು, 1, ಡಿವೈಸ್ ಹೆಸರು’ ಎಂಬ ಕ್ರಮದಲ್ಲಿ ಆಜ್ಞೆ ಕೊಡಿ. ಈಗಿರುವ ಕಡತಗಳ ಮೇಲೆಯೇ ಇಳಿಸಬೇಡಿ. ಡಿವೈಸ್ ಹೆಸರು ಒತ್ತುವ ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಓಡಿಸಿ ಗಾತ್ರ ನೋಡಿಕೊಳ್ಳಿ. 240ರ ಡಿಸ್ಕ್ ಯಾವುದು, ಇಮೇಜ್ ಇರುವ ಹೊರಗಿನ ಡಿಸ್ಕ್ ಯಾವುದು ಎಂಬುದರಲ್ಲಿ ಒಂದಕ್ಷರ ತಪ್ಪಿದರೂ ಇಮೇಜೇ ಅಳಿಸಿಹೋಗುತ್ತದೆ.

ಕೃಷ್ಣೆಯ ದಂಡೆ:

ಇಷ್ಟೆಲ್ಲ ಸೂಕ್ಷ್ಮಗಳು ಬೇಕೇ ಎಂದು ನನಗನಿಸುತ್ತದೆ. ಕ್ಲೋನ್‌ಜಿಲ್ಲಾ ಹಾಕಿ ಡಿಸ್ಕನ್ನು ಇಡಿಯಾಗಿ ನಕಲು ಮಾಡಿದ್ದರೆ ಅನುಮತಿ, ಸ್ಟ್ರೀಮ್, ಬೂಟ್ ಎಲ್ಲವೂ ಬಿಟ್ಟಿಯಾಗಿ ಬರುತ್ತಿದ್ದವು. ನಾನು ಎಂಟು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ, ಒಮ್ಮೆಯೂ ಸ್ಟಾರ್ಟ್ ಮೆನು ಕೈಕೊಟ್ಟಿಲ್ಲ.

ಕಡತಗಳ ಕಾವಲು:

ಕೃಷ್ಣೆಯ ದಂಡೆಯವರು ಮೇಷ್ಟ್ರ ಮೊದಲ ಸಾಲುಗಳನ್ನು ಇನ್ನೊಮ್ಮೆ ಓದಬೇಕು. ಹಳೆಯದು 500 ಜಿಬಿ, ಹೊಸದು 240 ಜಿಬಿ. ಚಿಕ್ಕ ಡಿಸ್ಕಿಗೆ ಇಳಿಸಲು ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೊದಲು ಮೂಲ ಪಾರ್ಟಿಷನ್ನನ್ನು ಕುಗ್ಗಿಸಿ, ಆಮೇಲೆ ನಕಲು ತೆಗೆಯಬೇಕು.

ವಿಮ್ ಕಡತದಲ್ಲಿ ಈ ತೊಡಕಿಲ್ಲ, ಏಕೆಂದರೆ ಅದು ಸೆಕ್ಟರುಗಳ ನಕಲಲ್ಲ, ಕಡತಗಳ ಸಂಗ್ರಹ. ಡಿಸ್ಕಿನ ಯಾವ ಮೂಲೆಯಲ್ಲಿ ಏನಿತ್ತು ಎಂಬುದನ್ನು ಅದು ನೆನಪಿಡುವುದಿಲ್ಲ; ಯಾವ ಫೋಲ್ಡರಿನಲ್ಲಿ ಯಾವ ಕಡತ, ಅದರ ಒಳಗೇನು, ಅದರ ಅನುಮತಿಗಳೇನು ಎಂಬುದನ್ನಷ್ಟೇ ಇಟ್ಟುಕೊಳ್ಳುತ್ತದೆ. 41 ಜಿಬಿ ಹಿಡಿಸುವ ಯಾವ ಪಾರ್ಟಿಷನ್ ಆದರೂ ಆದೀತು.

ಕೃಷ್ಣೆಯ ದಂಡೆ:

ಚಿಕ್ಕ ಡಿಸ್ಕಿನ ವಿಷಯ ಒಪ್ಪುತ್ತೇನೆ. ಆದರೆ ಕ್ಲೋನ್‌ಜಿಲ್ಲಾ ಎಂದರೆ ಖಾಲಿ ಜಾಗವನ್ನೂ ಸೇರಿಸಿ ನಕಲು ಮಾಡುತ್ತದೆ ಎಂಬ ತಪ್ಪು ಭಾವನೆ ಇಲ್ಲಿ ಓದುವವರಿಗೆ ಬರಬಾರದು. ಅದರೊಳಗಿನ ಪಾರ್ಟ್‌ಕ್ಲೋನ್ ತನಗೆ ಪರಿಚಯವಿರುವ ಫೈಲ್ ಸಿಸ್ಟಂಗಳಲ್ಲಿ ಬಳಕೆಯಾದ ಬ್ಲಾಕುಗಳನ್ನು ಮಾತ್ರ ಓದುತ್ತದೆ. ಇದಲ್ಲದೆ ಮಲ್ಟಿಕಾಸ್ಟ್‌ನಲ್ಲಿ ಲ್ಯಾಬಿನ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಇಳಿಸುವ ಅನುಕೂಲ ಅದರಲ್ಲಿದೆ. ಒಂದೇ ಬಗೆಯ ಡಿಸ್ಕುಗಳಿರುವ ಲ್ಯಾಬಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ.

ತೆಂಗಿನತೋಟ:

ನಾನು ಎರಡನ್ನೂ ಬಳಸಿದ್ದೇನೆ. ವಿಮ್ ಕಡೆಗೆ ನನ್ನನ್ನು ಒಲಿಸಿದ್ದು ಡಿಸ್ಕಿನ ಗಾತ್ರವಲ್ಲ, ಒಂದೇ ಕಡತದಲ್ಲಿ ಹಲವು ಇಮೇಜುಗಳನ್ನು ಇಡಬಹುದೆಂಬುದು.

ನಮ್ಮಲ್ಲಿ ವಾಣಿಜ್ಯ ವಿಭಾಗಕ್ಕೆ ಒಂದು ಸಜ್ಜಿಕೆ, ವಿಜ್ಞಾನ ವಿಭಾಗಕ್ಕೆ ಇನ್ನೊಂದು. ಎರಡರಲ್ಲೂ ವಿಂಡೋಸ್ ಒಂದೇ, ಆಫೀಸ್ ಒಂದೇ, ಮೇಲಿನ ತಂತ್ರಾಂಶಗಳು ಮಾತ್ರ ಬೇರೆ. ಮೊದಲನೆಯದನ್ನು ವಿಮ್‌ಕ್ಯಾಪ್ಚರ್‌ನಿಂದ ತೆಗೆದೆ, ಎರಡನೆಯದನ್ನು ವಿಮ್‌ಅಪೆಂಡ್‌ನಿಂದ ಅದೇ ಕಡತಕ್ಕೆ ಸೇರಿಸಿದೆ. ಮೊದಲನೆಯದು 16 ಜಿಬಿ ಆಗಿತ್ತು, ಎರಡನೆಯದು ಸೇರಿದ ಮೇಲೆ ಇಡೀ ಕಡತ 19 ಜಿಬಿಯೂ ಆಗಲಿಲ್ಲ. ವಿಮ್ ಮಾದರಿಯಲ್ಲಿ ಪ್ರತಿ ಕಡತದ ಒಳಗಿನ ಡೇಟಾಗೆ ಶಾ-1 ಮೊತ್ತ (ಡೇಟಾದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕುತ್ತಾರೆ. ಅದೇ ಮೊತ್ತದ ಡೇಟಾ ಈಗಾಗಲೇ ಒಳಗಿದ್ದರೆ ಮತ್ತೆ ಬರೆಯುವುದಿಲ್ಲ, ಹೆಸರನ್ನು ಮಾತ್ರ ಇನ್ನೊಂದು ಕಡೆ ನಮೂದಿಸುತ್ತಾರೆ. ಹೀಗೆ ವರ್ಷವರ್ಷದ ಸಜ್ಜಿಕೆಗಳನ್ನೂ ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ವಿಮ್‌ಇನ್ಫೋ ಹೊಡೆದರೆ ಇಮೇಜುಗಳ ಸಂಖ್ಯೆ, ಹೆಸರು, ತೆಗೆದ ದಿನಾಂಕ ಎಲ್ಲವೂ ಸಾಲಾಗಿ ಬರುತ್ತವೆ.

ಯಾರೋ ಒಂದು ಡಿಎಲ್‌ಎಲ್ ಅಳಿಸಿದರೆ ಇಡೀ ಇಮೇಜ್ ಇಳಿಸುವ ಅಗತ್ಯವೂ ಇಲ್ಲ. ವಿಮ್‌ಮೌಂಟ್‌ನಿಂದ ಇಮೇಜನ್ನು ಫೋಲ್ಡರಿನಂತೆ ತೆರೆದು ಬೇಕಾದ ಕಡತವನ್ನು ಎತ್ತಿಕೊಳ್ಳಬಹುದು. ಇದಕ್ಕೆ ಲಿನಕ್ಸ್‌ನಲ್ಲಿ ಫ್ಯೂಸ್ ಎಂಬ ತಂತ್ರಾಂಶ ಬೇಕು. ವಿಂಡೋಸ್‌ನಲ್ಲಿ ವಿಮ್‌ಲಿಬ್‌ಗೆ ಮೌಂಟ್ ಸೌಲಭ್ಯ ಇಲ್ಲ, ಅಲ್ಲಿ ವಿಮ್‌ಎಕ್ಸ್‌ಟ್ರ್ಯಾಕ್ಟ್ ಬಳಸಬೇಕು.

ಸಂಜೆಮಲ್ಲಿಗೆ:

ಬರಿದೇ ಒಳಗೆ ನೋಡಲು 7-ಜಿಪ್ ಸಾಕಾಗುತ್ತದೆ, ಅದು ವಿಮ್ ಕಡತಗಳನ್ನು ತೆರೆಯುತ್ತದೆ.

ನಾಲ್ಕನೆಯ ಅಡ್ಡರಸ್ತೆ:

ನಾನು ಈ ಕ್ಷೇತ್ರಕ್ಕೆ ಹೊಸಬಳು. ವಿಂಡೋಸ್ ಜೊತೆಗೇ ಬರುವ ಡಿಸ್ಮ್ ಇರುವಾಗ ಹೊರಗಿನ ಇನ್ನೊಂದು ಸಾಧನ ಏಕೆ ಬೇಕು ಎಂದು ಯಾರಾದರೂ ತಿಳಿಸುವಿರಾ?

ಕಡತಗಳ ಕಾವಲು:

ಒಳ್ಳೆಯ ಪ್ರಶ್ನೆ, ಮೇಡಂ. ವಿಮ್ ಮಾದರಿಯನ್ನು ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾ ಕಾಲದಲ್ಲಿ ಬಳಕೆಗೆ ತಂದಿತು. ಇನ್‌ಸ್ಟಾಲ್ ಡಿವಿಡಿಯ ಸೋರ್ಸಸ್ ಫೋಲ್ಡರಿನಲ್ಲಿ ಇರುವ ಬೂಟ್.ವಿಮ್ ಮತ್ತು ಇನ್‌ಸ್ಟಾಲ್.ವಿಮ್ ಇವೇ. ಮೊದಲು ಇಮೇಜ್‌ಎಕ್ಸ್ ಎಂಬ ಸಾಧನವಿತ್ತು, ಆಮೇಲೆ ಡಿಸ್ಮ್ ಅದರ ಜಾಗಕ್ಕೆ ಬಂತು. ಎರಡೂ ವಿಂಡೋಸ್‌ನೊಳಗೆ ಮಾತ್ರ ಓಡುತ್ತವೆ. ವಿಮ್‌ಲಿಬ್ ಎರಿಕ್ ಬಿಗರ್ಸ್ ಅವರು ಬರೆದ ಮುಕ್ತ ತಂತ್ರಾಂಶ. ಅದು ಲಿನಕ್ಸ್, ಮ್ಯಾಕ್ ಮತ್ತು ವಿಂಡೋಸ್ ಮೂರರಲ್ಲೂ ಓಡುತ್ತದೆ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ವಿಮ್‌ಟೂಲ್ಸ್, ಫೆಡೋರಾದಲ್ಲಿ ವಿಮ್‌ಲಿಬ್-ಯುಟಿಲ್ಸ್. ಕೆಲಸವನ್ನು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಹಂಚುವುದರಿಂದ ಸಂಕುಚನ ಬೇಗ ಮುಗಿಯುತ್ತದೆ.

ಡ್ರೈವರ್ ಸೇರಿಸುವುದು, ಅಪ್‌ಡೇಟ್ ಹಾಕುವುದು, ವಿಂಡೋಸ್‌ನ ಸೌಲಭ್ಯಗಳನ್ನು ಇಮೇಜಿನೊಳಗೇ ಆನ್ ಮಾಡುವುದು ಇವೆಲ್ಲ ಡಿಸ್ಮ್‌ನ ಕೆಲಸ, ವಿಮ್‌ಲಿಬ್ ಅವುಗಳಿಗೆ ಕೈಹಾಕುವುದಿಲ್ಲ. ಆದ್ದರಿಂದ ಎರಡನ್ನೂ ಕಲಿಯಿರಿ ಎನ್ನುತ್ತೇನೆ.

ಕೊಲ್ಲಿಯ ಕನ್ನಡಿಗ:

ನನ್ನ ಬಳಿ ಇರುವುದು ಮ್ಯಾಕ್. ತಂಗಿಯ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಲು ಪೆನ್‌ಡ್ರೈವ್ ಮಾಡಹೊರಟಾಗ ಇನ್‌ಸ್ಟಾಲ್.ವಿಮ್ ನಕಲಾಗದೆ ಅರ್ಧಕ್ಕೆ ನಿಂತಿತು. ಪೆನ್‌ಡ್ರೈವ್ ಕೆಟ್ಟಿರಬೇಕು ಎಂದು ಹೊಸದನ್ನೂ ಕೊಂಡೆ, ಅದರಲ್ಲೂ ಹಾಗೆಯೇ ಆಯಿತು. ಪೆನ್‌ಡ್ರೈವ್‌ನಲ್ಲಿದ್ದ ಫ್ಯಾಟ್32 ಫೈಲ್ ಸಿಸ್ಟಂನಲ್ಲಿ ಒಂದು ಕಡತ 4 ಜಿಬಿಗಿಂತ ದೊಡ್ಡದಾಗಿರುವಂತಿಲ್ಲ, ಆ ಕಡತ ಅದಕ್ಕಿಂತ ದೊಡ್ಡದಿತ್ತು. ಮ್ಯಾಕ್‌ಗೆ ತಂತ್ರಾಂಶ ಹಾಕಿಕೊಡುವ ಹೋಮ್‌ಬ್ರೂನಿಂದ ವಿಮ್‌ಲಿಬ್ ಹಾಕಿಕೊಂಡು, ವಿಮ್‌ಸ್ಪ್ಲಿಟ್ ಆಜ್ಞೆಗೆ 3800 (ಎಂಬಿ) ಎಂಬ ಮಿತಿ ಕೊಟ್ಟು, ಇನ್‌ಸ್ಟಾಲ್.ಎಸ್‌ಡಬ್ಲ್ಯೂಎಂ ಹೆಸರಿನ ತುಂಡುಗಳನ್ನಾಗಿ ಮಾಡಿದೆ. ವಿಂಡೋಸ್ ಸೆಟಪ್ ಆ ತುಂಡುಗಳನ್ನು ತಾನಾಗಿಯೇ ಗುರುತಿಸಿ ಮುಂದುವರಿಯಿತು.

ಅಚ್ಚುಮೊಳೆ:

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಒಂದು ಸಂಗತಿ ತಿಳಿದಿರಬೇಕು. ನಾನು ಸ್ಥಳೀಯ ಇತಿಹಾಸದ ಲೇಖನಗಳನ್ನು ಸಂಗ್ರಹಿಸುತ್ತೇನೆ, ಕಡತದ ಹೆಸರಿನಲ್ಲೇ ಲೇಖನದ ಪೂರ್ಣ ಶೀರ್ಷಿಕೆ, ಊರು, ವರ್ಷ ಎಲ್ಲವನ್ನೂ ಬರೆಯುವ ರೂಢಿ ನನ್ನದು. ವಿಂಡೋಸ್ ಯಂತ್ರದಿಂದ ವಿಮ್ ಇಮೇಜ್ ತೆಗೆದು, ಲಿನಕ್ಸ್ ಯಂತ್ರದ ಎಕ್ಸ್ಟ್4 ಡಿಸ್ಕಿಗೆ ಬಿಚ್ಚಿದಾಗ ಹೆಸರು ಬಹಳ ಉದ್ದವಾಯಿತೆಂದು ಹೇಳಿ ಕೆಲಸ ನಿಂತಿತು. ವಿಂಡೋಸ್‌ನಲ್ಲಿ ಅವೇ ಹೆಸರುಗಳು ಯಾವ ತೊಂದರೆಯೂ ಇಲ್ಲದೆ ಇದ್ದವು.

ಕಾರಣ ಹುಡುಕಿದಾಗ ತಿಳಿಯಿತು. ಎನ್‌ಟಿಎಫ್‌ಎಸ್ ಹೆಸರಿನ ಮಿತಿಯನ್ನು ಯುಟಿಎಫ್-16 ಎಂಬ ಅಕ್ಷರ ಸಂಕೇತ ಪದ್ಧತಿಯ 255 ಘಟಕಗಳಲ್ಲಿ ಎಣಿಸುತ್ತದೆ, ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಒಂದು ಘಟಕ ಸಾಕು. ಎಕ್ಸ್ಟ್4 ಎಣಿಸುವುದು 255 ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟು ತಿನ್ನುತ್ತದೆ. ಅಂದರೆ ಅಲ್ಲಿ ಹಿಡಿಯುವುದು 85 ಸಂಕೇತಗಳು ಮಾತ್ರ. ಸಂಕೇತವೆಂದರೆ ಅಕ್ಷರವಲ್ಲ ಎಂಬುದನ್ನೂ ನೆನಪಿಡಿ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸ, ವಿರಾಮ, ತ, ವಿರಾಮ, ರ, ದೀರ್ಘದ ಗುಣಿತ ಎಂದು ಆರು ಸಂಕೇತಗಳು, 18 ಬೈಟುಗಳು. ಒತ್ತಕ್ಷರ ಹೆಚ್ಚಿದ್ದಷ್ಟೂ ಹೆಸರು ಬೇಗ ತುಂಬಿಬಿಡುತ್ತದೆ. ಇದರಲ್ಲಿ ವಿಮ್ ಕಡತದ ದೋಷವೇನೂ ಇಲ್ಲ, ಅದು ಹೆಸರುಗಳನ್ನು ಯುಟಿಎಫ್-16ರಲ್ಲೇ ಇಟ್ಟುಕೊಂಡಿರುತ್ತದೆ. ಅದೇ ಇಮೇಜನ್ನು ಎನ್‌ಟಿಎಫ್‌ಎಸ್ ಪಾರ್ಟಿಷನ್ನಿಗೆ ನೇರವಾಗಿ ಇಳಿಸಿದಾಗ ಒಂದು ಹೆಸರೂ ಕಳೆದುಹೋಗಲಿಲ್ಲ.

ತೆಂಗಿನತೋಟ:

ಅಚ್ಚುಮೊಳೆಯವರೇ, ಇದು ನನಗೆ ಗೊತ್ತಿರಲಿಲ್ಲ. ನಮ್ಮ ಕನ್ನಡ ವಿಭಾಗದ ಫೋಲ್ಡರುಗಳನ್ನು ಇವತ್ತೇ ಪರೀಕ್ಷಿಸುತ್ತೇನೆ.

ಹೊಳೆಬದಿ:

ತೆಂಗಿನತೋಟದವರು ವರ್ಷವರ್ಷದ ಇಮೇಜುಗಳನ್ನು ಒಂದೇ ಕಡತದಲ್ಲಿ ಇಡುತ್ತಾರಂತೆ. ಹಳೆಯ ಇಮೇಜನ್ನು ಅಳಿಸಿದರೂ ಕಡತದ ಗಾತ್ರ ಕಡಿಮೆಯಾಗುವುದಿಲ್ಲ ಎಂಬುದನ್ನು ಹೇಳಬೇಕಾಗಿತ್ತು. ನಾನು ಮೂರು ಇಮೇಜ್ ಅಳಿಸಿದೆ, ಒಂದು ಎಂಬಿಯೂ ಇಳಿಯಲಿಲ್ಲ.

ಹಳೆಸೇತುವೆ:

ನೀವು ಅಳಿಸಿದ್ದು ಡಿಸ್ಮ್‌ನಿಂದ ಇರಬೇಕು. ಡಿಸ್ಮ್ ಇಮೇಜಿನ ನಮೂದನ್ನು ತೆಗೆಯುತ್ತದೆ, ಡೇಟಾ ಅಲ್ಲೇ ಉಳಿಯುತ್ತದೆ. ಉಳಿದ ಇಮೇಜುಗಳನ್ನು ಹೊಸ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಜಾಗ ಮರಳಿ ಸಿಗುತ್ತದೆ. ವಿಮ್‌ಲಿಬ್‌ನ ವಿಮ್‌ಡಿಲೀಟ್ ಹಾಗಲ್ಲ. ‘ಸಾಫ್ಟ್’ ಆಯ್ಕೆ ಕೊಡದಿದ್ದರೆ ಅದು ಇಡೀ ಕಡತವನ್ನು ಹೊಸದಾಗಿ ಕಟ್ಟುತ್ತದೆ, ಬೇರೆ ಯಾವ ಇಮೇಜಿಗೂ ಬೇಡವಾದ ಡೇಟಾವನ್ನು ಬಿಟ್ಟುಬಿಡುತ್ತದೆ. ಹಾಗೆ ಕಟ್ಟುವಾಗ ಹಳೆಯದು ಮತ್ತು ಹೊಸದು ಎರಡೂ ಡಿಸ್ಕಿನಲ್ಲಿ ಒಟ್ಟಿಗೆ ಇರುತ್ತವೆ, ಆದ್ದರಿಂದ ಖಾಲಿ ಜಾಗ ನೋಡಿಕೊಂಡು ಅಳಿಸಿ. ನಿಮ್ಮ ಈಗಿನ ಕಡತಕ್ಕೆ ವಿಮ್‌ಆಪ್ಟಿಮೈಜ್ ಒಮ್ಮೆ ಓಡಿಸಿ, ಕುಗ್ಗುತ್ತದೆ.

ಹೊಳೆಬದಿ:

ಹೌದು, ಡಿಸ್ಮ್‌ನಿಂದಲೇ ಅಳಿಸಿದ್ದೆ. ತಿದ್ದಿದ್ದಕ್ಕೆ ವಂದನೆಗಳು. ಈಗ ಆಪ್ಟಿಮೈಜ್ ಮಾಡಿದೆ, 52 ಜಿಬಿ ಇದ್ದದ್ದು 31ಕ್ಕೆ ಇಳಿಯಿತು.

ನಾಲ್ಕನೆಯ ಅಡ್ಡರಸ್ತೆ:

ಸಂಕುಚನದ ಬಗ್ಗೆಯೂ ಒಂದು ಮಾತು ತಿಳಿಸಿ. ‘ಸಾಲಿಡ್’ ಎಂಬ ಆಯ್ಕೆ ಕೊಟ್ಟರೆ ಕಡತ ಇನ್ನೂ ಚಿಕ್ಕದಾಗುತ್ತದೆ ಎಂದು ಓದಿದೆ. ಎಲ್ಲರೂ ಅದನ್ನೇ ಏಕೆ ಬಳಸುವುದಿಲ್ಲ?

ಕಡತಗಳ ಕಾವಲು:

ಸಂಕುಚನದ ಬಗೆಗಳಲ್ಲಿ ಎಕ್ಸ್‌ಪ್ರೆಸ್ ವೇಗವಾದದ್ದು, ಎಲ್‌ಜೆಡ್‌ಎಕ್ಸ್ ನಡುವಿನದು, ಸಾಲಿಡ್‌ನಲ್ಲಿ ಬಳಕೆಯಾಗುವ ಎಲ್‌ಜೆಡ್‌ಎಂಎಸ್ ಎಲ್ಲಕ್ಕಿಂತ ಚಿಕ್ಕದು. ಮೈಕ್ರೋಸಾಫ್ಟ್‌ನ ಇಎಸ್‌ಡಿ ಕಡತಗಳು ಇದೇ ಕೊನೆಯ ಬಗೆಯವು. ಸಾಲಿಡ್‌ನಲ್ಲಿ ಹಲವು ಕಡತಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಗಂಟಾಗಿ ಸಂಕುಚಿಸುವುದರಿಂದ, ಒಂದು ಚಿಕ್ಕ ಕಡತ ಬೇಕೆಂದರೂ ಗಂಟಿನ ಬಹುಭಾಗವನ್ನು ಬಿಚ್ಚಬೇಕಾಗುತ್ತದೆ. ಇಮೇಜ್ ತೆಗೆಯುವಾಗಲೂ ಹೆಚ್ಚು ಹೊತ್ತು ಮತ್ತು ಹೆಚ್ಚು ಮೆಮೊರಿ ಬೇಕು. ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ನೋಡುವ ಪ್ರತಿಗೆ ಅದು ಸರಿ. ವಾರವಾರ ಇಳಿಸುವ ಲ್ಯಾಬ್ ಇಮೇಜಿಗೆ ಎಲ್‌ಜೆಡ್‌ಎಕ್ಸ್ ಇರಲಿ, ಆಯ್ಕೆ ಕೊಡದಿದ್ದರೆ ವಿಮ್‌ಲಿಬ್ ಬಳಸುವುದೂ ಅದನ್ನೇ.

ಬಯಲುದಾರಿ:

ಒಂದು ಎಚ್ಚರಿಕೆ. ವಿಮ್‌ಲಿಬ್ ಉಚಿತ ಎಂದ ಮಾತ್ರಕ್ಕೆ ಅದರಿಂದ ಹರಡುವ ವಿಂಡೋಸ್ ಉಚಿತವಾಗುವುದಿಲ್ಲ. ಯಂತ್ರದ ಜೊತೆ ಬಂದ ಒಇಎಂ ಪರವಾನಗಿ ಮಾತ್ರ ಇದ್ದರೆ, ಒಂದೇ ಇಮೇಜನ್ನು ಹಲವು ಯಂತ್ರಗಳಿಗೆ ಇಳಿಸುವ ಹಕ್ಕು ಅದರಲ್ಲಿ ಇರುವುದಿಲ್ಲ. ಆ ಹಕ್ಕು ವಾಲ್ಯೂಮ್ ಪರವಾನಗಿಯೊಂದಿಗೆ ಬರುತ್ತದೆ. ಮೇಷ್ಟ್ರೇ, ಕಾಲೇಜಿನ ಪರವಾನಗಿ ಪತ್ರವನ್ನು ಒಮ್ಮೆ ತೆಗೆದು ನೋಡಿ.

ಮಲೆನಾಡಿನ ಲ್ಯಾಬ್:

ಬಯಲುದಾರಿಯವರೇ, ಕಚೇರಿಯಲ್ಲಿ ವಿಚಾರಿಸಿದೆ. ನಮ್ಮಲ್ಲಿ ವಾಲ್ಯೂಮ್ ಪರವಾನಗಿಯೇ ಇದೆ.

ಈಗ ಮುಖ್ಯ ಸುದ್ದಿ. ಹಳೆಸೇತುವೆಯವರು ಹೇಳಿದಂತೆ ಮೊದಲು ವಿಮ್‌ವೆರಿಫೈ ಓಡಿಸಿ ಇಮೇಜಿನ ಡೇಟಾ ಎಲ್ಲ ಸರಿಯಿದೆಯೆಂದು ಖಚಿತಪಡಿಸಿಕೊಂಡೆ (ಅವರು ನನಗೆ ಖಾಸಗಿ ಸಂದೇಶದಲ್ಲಿ ಇದನ್ನೂ ತಿಳಿಸಿದ್ದರು). ಬಳಿಕ ಪಾರ್ಟಿಷನ್ ಅನ್‌ಮೌಂಟ್ ಮಾಡಿ, ಮತ್ತೆ ಫಾರ್ಮ್ಯಾಟ್ ಮಾಡಿ, ಡಿವೈಸ್ ಹೆಸರು ಕೊಟ್ಟು ಇಳಿಸಿದೆ. ಈ ಸಲ ಸೆಕ್ಯುರಿಟಿ ಡಿಸ್ಕ್ರಿಪ್ಟರಿನ ಎಚ್ಚರಿಕೆ ಬರಲಿಲ್ಲ. ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದು ಬಿಸಿಡಿಬೂಟ್ ಮಾಡುವಾಗ ಒಂದು ಕಡೆ ಎಡವಿದೆ: ಅಲ್ಲಿ ನನ್ನ ವಿಂಡೋಸ್ ಪಾರ್ಟಿಷನ್ ಸಿ ಆಗಿರದೆ ಡಿ ಆಗಿತ್ತು. ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ವಾಲ್ಯೂಮ್ ಕೊಟ್ಟು ಅಕ್ಷರ ನೋಡಿಕೊಂಡ ಮೇಲೆ ಸರಿಯಾಯಿತು. ಯಂತ್ರ ಎದ್ದಿತು, ಸ್ಟಾರ್ಟ್ ಮೆನು ಮೊದಲ ಒತ್ತಿಗೇ ತೆರೆಯಿತು, ನುಡಿಯೂ ಟ್ಯಾಲಿಯೂ ಓಡುತ್ತಿವೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಉಳಿದಿರುವುದು 23 ಯಂತ್ರಗಳು, ನನ್ನ ಬಳಿ ಇರುವುದು ಒಂದೇ ಹೊರಗಿನ ಡಿಸ್ಕ್. ಅದನ್ನು ಒಂದರಿಂದ ಒಂದಕ್ಕೆ ಹೊತ್ತು ಓಡಾಡದೆ ನೆಟ್‌ವರ್ಕ್ ಮೂಲಕ ಇಳಿಸಬಹುದೇ?

ಹಳೆಸೇತುವೆ:

ಬಹಳ ಸಂತೋಷವಾಯಿತು. ಸುಲಭದ ದಾರಿಯೆಂದರೆ ಇಮೇಜನ್ನು ಲ್ಯಾಬಿನ ಒಂದು ಯಂತ್ರದಲ್ಲಿ ಸಾಂಬಾ ಶೇರ್ (ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್) ಆಗಿ ಇಟ್ಟು, ಉಳಿದವುಗಳಲ್ಲಿ ಲೈವ್ ಲಿನಕ್ಸ್‌ನಿಂದ ಆ ಶೇರನ್ನು ಮೌಂಟ್ ಮಾಡಿ, ಅಲ್ಲಿಂದಲೇ ವಿಮ್‌ಅಪ್ಲೈ ಮಾಡುವುದು. ಇಲ್ಲಿ ಮೌಂಟ್ ಆಗುವುದು ಇಮೇಜ್ ಇರುವ ಜಾಗ ಮಾತ್ರ, ಗುರಿಗೆ ಡಿವೈಸ್ ಹೆಸರೇ ಇರಬೇಕು. ಇನ್ನೊಂದು ದಾರಿಯೂ ಇದೆ. ವಿಮ್‌ಆಪ್ಟಿಮೈಜ್‌ಗೆ ‘ಪೈಪಬಲ್’ ಆಯ್ಕೆ ಕೊಟ್ಟು ಇಮೇಜಿನ ಒಂದು ಪ್ರತಿಯನ್ನು ಸಿದ್ಧ ಮಾಡಿದರೆ, ವೆಬ್ ಸರ್ವರಿನಿಂದ ಡಬ್ಲ್ಯೂಗೆಟ್ ಆಜ್ಞೆಯಿಂದ ಇಳಿಸಿಕೊಳ್ಳುತ್ತಾ ನೇರವಾಗಿ ವಿಮ್‌ಅಪ್ಲೈಗೆ ಹರಿಸಬಹುದು. ಆ ಪ್ರತಿಯನ್ನು ಡಿಸ್ಮ್ ಓದಲಾರದು, ಆದ್ದರಿಂದ ಮೂಲ ಇಮೇಜನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಕೃಷ್ಣೆಯ ದಂಡೆ:

ಮೇಷ್ಟ್ರೇ, ನಿಮ್ಮ ಸ್ವಿಚ್ 100 ಎಂಬಿಪಿಎಸ್‌ನದ್ದೋ ಗಿಗಾಬಿಟ್‌ನದ್ದೋ ಮೊದಲು ನೋಡಿ. 100ರದ್ದಾದರೆ 17 ಜಿಬಿ ಒಂದು ಯಂತ್ರಕ್ಕೆ ಹರಿಯಲು ಹತ್ತಿರ ಹತ್ತಿರ 25 ನಿಮಿಷ ಬೇಕು. ಆರು ಯಂತ್ರಗಳು ಒಟ್ಟಿಗೆ ಎಳೆದರೆ ಎರಡೂವರೆ ಗಂಟೆ. ಆಗ ನಾಲ್ಕು ಪೆನ್‌ಡ್ರೈವ್‌ಗಳಿಗೆ ಇಮೇಜ್ ತುಂಬಿಕೊಂಡು ಕೈಯಿಂದ ಹಾಕುವುದೇ ಬೇಗ.

ಮಲೆನಾಡಿನ ಲ್ಯಾಬ್:

ನೋಡಿದೆ, 100ರದ್ದೇ. ನಾಳೆ ಬೆಳಿಗ್ಗೆ 32 ಜಿಬಿಯ ನಾಲ್ಕು ಪೆನ್‌ಡ್ರೈವ್ ತರಿಸುತ್ತೇನೆ. ಅವುಗಳನ್ನು ಫ್ಯಾಟ್32 ಮಾಡದೆ ಎಕ್ಸ್ಟ್4 ಮಾಡಿದರೆ 17 ಜಿಬಿಯ ಕಡತವನ್ನು ತುಂಡರಿಸುವ ಅಗತ್ಯ ಇರುವುದಿಲ್ಲವಲ್ಲ?

ಕೊಲ್ಲಿಯ ಕನ್ನಡಿಗ:

ಇರುವುದಿಲ್ಲ. ಹಾಗೆಯೇ ಇಡಿಯಾಗಿ ನಕಲು ಮಾಡಿ, ಆಮೇಲೆ ಪ್ರತಿ ಪೆನ್‌ಡ್ರೈವ್‌ನಲ್ಲೂ ಒಮ್ಮೆ ವಿಮ್‌ವೆರಿಫೈ ಓಡಿಸಿಬಿಡಿ.